ಬೇಸಗೆಯ ತಾಪಕ್ಕೆ ಸೊರಗಿದ ಕುಂಡದ ಮರ: ಪುನಶ್ಚೇತನದ ಮಾರ್ಗ

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಬೇಸಗೆಯೆಂಬುದು ಮನುಷ್ಯರಿಗೆ ಮಾತ್ರವಲ್ಲ, ಗಿಡಮರಗಳಿಗೂ ಪರೀಕ್ಷೆಯ ಕಾಲ. ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಮೊದಲಾದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಮಾನ 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ವಾಡಿಕೆಯೇ ಆಗಿದೆ. ಆದರೂ ಹೊಲದ ಬದುವಿನಲ್ಲಿ ನಿಂತ ಬೇವು ಇದೇ ಬಿಸಿಲಿನಲ್ಲಿ ಹೊಸ ಚಿಗುರನ್ನು ತಳೆದು, ದಾರಿಹೋಕರಿಗೆ ನೆರಳಾಗಿ ನಿಲ್ಲುತ್ತದೆ. ಅದೇ ಊರಿನ ಶಾಲೆಯ ಮೊಗಸಾಲೆಯಲ್ಲಿಯೋ ಮನೆಯ ಮಾಳಿಗೆಯ ಮೇಲೆಯೋ ಕುಂಡದಲ್ಲಿ ಬೆಳೆಸಿದ ನಿಂಬೆ, ಕರಿಬೇವು, ಪೇರಲ ಮೊದಲಾದವು ಮಾತ್ರ ಎಲೆಯಂಚು ಕರಕಾಗಿ, ಕೊಂಬೆಗಳು ಬರಿದಾಗಿ, ನೋಡಿದವರು ಮರುಗುವಂತಾಗುತ್ತವೆ.

ಹೀಗಾದ ಮರಗಳ ಗತಿ ಸಾಮಾನ್ಯವಾಗಿ ಎರಡು ಬಗೆ. ಒಂದೋ, ಸತ್ತಿತೆಂದು ಭಾವಿಸಿ ಅದನ್ನು ಕಿತ್ತು ತಿಪ್ಪೆಗೆ ಹಾಕಲಾಗುತ್ತದೆ; ಇಲ್ಲವೇ ಕನಿಕರದಿಂದ ದಿನಕ್ಕೆ ಮೂರು ಸಲ ನೀರು ಸುರಿದು, ಗೊಬ್ಬರ ಹಾಕಿ, ಕೊಂಬೆಗಳನ್ನೆಲ್ಲ ಸವರಿ, ಬಿಸಿಲಿನಿಂದ ಉಳಿದ ಜೀವವನ್ನು ಉಪಚಾರದಿಂದಲೇ ಕಳೆಯಲಾಗುತ್ತದೆ. ಎಲೆಯೆಲ್ಲ ಉದುರಿದ ಮರಗಳಲ್ಲಿ ಎಷ್ಟೋ ಮರಗಳು ಇನ್ನೂ ಬದುಕಿರುತ್ತವೆ. ಅವುಗಳಿಗೆ ಬೇಕಾದುದು ಸರಿಯಾದ ಪರೀಕ್ಷೆ, ಹಿತಮಿತವಾದ ಆರೈಕೆ ಮತ್ತು ಕೆಲವು ವಾರಗಳ ತಾಳ್ಮೆ. ಹಲವು ವರ್ಷ ಸಾಕಿದ ಮರವೊಂದನ್ನು ಒಂದು ಬೇಸಗೆಯ ಕಾರಣದಿಂದ ಕಳೆದುಕೊಳ್ಳದಿರುವ ಬಗೆ ಯಾವುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕುಂಡದ ಮರದ ವಿಶೇಷ ಸಂಕಟ

ನೆಲದಲ್ಲಿ ಬೇರೂರಿದ ಮರಕ್ಕೂ ಕುಂಡದ ಮರಕ್ಕೂ ಇರುವ ಅಂತರವನ್ನು ಮೊದಲು ಅರಿಯಬೇಕು. ನೆಲದ ಮರದ ಬೇರುಗಳು ಕೊಂಬೆಗಳ ಹರವನ್ನೂ ಮೀರಿ ಸುತ್ತಲೂ ಚಾಚಿಕೊಳ್ಳುತ್ತವೆ. ಮೇಲ್ಮಣ್ಣು ಒಣಗಿದರೆ ಕೆಳಗಿನ ಪದರದಲ್ಲಿ ತೇವವಿರುತ್ತದೆ. ಮೇಲೆ ಎಷ್ಟೇ ಬಿಸಿಲಿದ್ದರೂ ಎರಡು ಮೂರು ಅಡಿ ಆಳದ ಮಣ್ಣು ತಂಪಾಗಿರುತ್ತದೆ. ಕುಂಡದ ಮರಕ್ಕೆ ಈ ಸೌಲಭ್ಯ ಯಾವುದೂ ಇಲ್ಲ. ಹನ್ನೆರಡು ಅಂಗುಲದ ಒಂದು ಕುಂಡದಲ್ಲಿ ಹಿಡಿಯುವುದು ಸುಮಾರು 15 ಲೀಟರು ಮಣ್ಣು. ಆ ಮರದ ಭೂಮಿಯೂ ಅಷ್ಟೇ, ಅದರ ಬಾವಿಯೂ ಅಷ್ಟೇ.

ಎರಡನೆಯದಾಗಿ, ಕುಂಡದ ಮಣ್ಣಿಗೆ ಬಿಸಿಲು ಮೇಲಿನಿಂದ ಮಾತ್ರವಲ್ಲದೆ ಪಕ್ಕದಿಂದಲೂ ತಟ್ಟುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಬಿಸಿಲಿನಲ್ಲಿಟ್ಟಾಗ ಬಿಸಿಲು ಬೀಳುವ ಮಗ್ಗುಲಿನ ಮಣ್ಣಿನ ಉಷ್ಣಮಾನ 50 ಡಿಗ್ರಿಯನ್ನೂ ಮುಟ್ಟುವುದುಂಟು. ಬಹುಪಾಲು ಸಸ್ಯಗಳಲ್ಲಿ ಮಣ್ಣಿನ ಉಷ್ಣಮಾನ 38 ಡಿಗ್ರಿಯ ಆಸುಪಾಸಿಗೆ ಬಂದಾಗಲೇ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ; ಅದಕ್ಕಿಂತ ಹೆಚ್ಚಿನ ತಾಪ ಕೆಲವು ಗಂಟೆಗಳ ಕಾಲ ನಿಂತರೆ ಎಳೆಯ ಬೇರುಗಳು ಬೆಂದೇ ಹೋಗುತ್ತವೆ. ಕುಂಡದಲ್ಲಿ ನೀರು ಹೀರುವ ಎಳೆಯ ಬೇರುಗಳಲ್ಲಿ ಹೆಚ್ಚಿನವು ಗೋಡೆಗೆ ಅಂಟಿಕೊಂಡೇ ಇರುತ್ತವೆ. ಮೊದಲು ಬೇಯುವುದೂ ಅವೇ.

ಸುಟ್ಟ ಮಣ್ಣಿನ ಕುಂಡದ ಗುಣ ಬೇರೆ. ಅದರ ಗೋಡೆಯಿಂದ ನೀರು ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕೆಲೊರಿಯಷ್ಟು ಶಾಖ ಬೇಕು; ಆ ಶಾಖವನ್ನು ಅದು ಕುಂಡದಿಂದಲೇ ಸೆಳೆದುಕೊಳ್ಳುತ್ತದೆ. ಕುಡಿಯುವ ನೀರಿನ ಗಡಿಗೆ ತಂಪಾಗಿರುವುದೂ ಇದೇ ಕಾರಣದಿಂದ. ಆದರೆ ಈ ತಂಪಿಗೆ ಬೆಲೆಯುಂಟು: ಮಣ್ಣಿನ ಕುಂಡ ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ನೀರು ಉಳಿಯುತ್ತದೆ, ತಂಪು ಉಳಿಯುವುದಿಲ್ಲ. ಮಣ್ಣಿನ ಕುಂಡದಲ್ಲಿ ತಂಪು ಉಳಿಯುತ್ತದೆ, ನೀರು ಉಳಿಯುವುದಿಲ್ಲ. ಮರಕ್ಕೆ ಒದಗಿದ ಕೇಡು ತಾಪದಿಂದಲೋ ಬಾಯಾರಿಕೆಯಿಂದಲೋ ಎಂಬುದನ್ನು ಊಹಿಸಲು ಈ ಒಂದು ಸಂಗತಿಯೇ ಬಹುಮಟ್ಟಿಗೆ ಸಾಕು.

ಬೇರಿನಿಂದ ಎಲೆಯವರೆಗಿನ ನೀರಿನ ಎಳೆ

ಗಿಡವು ನೀರನ್ನು ಕುಡಿಯುವುದಕ್ಕಿಂತ ಹೆಚ್ಚಾಗಿ ಅದನ್ನು ದಾಟಿಸುತ್ತದೆ. ಇಂಗ್ಲೆಂಡಿನ ಪಾದ್ರಿಯೂ ವಿಜ್ಞಾನಿಯೂ ಆಗಿದ್ದ ಸ್ಟೀಫನ್ ಹೇಲ್ಸ್ ಎಂಬಾತ 1724ರಲ್ಲಿ ಕುಂಡದಲ್ಲಿ ಬೆಳೆದ ಒಂದು ಸೂರ್ಯಕಾಂತಿ ಗಿಡವನ್ನು ತೆಗೆದುಕೊಂಡು, ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ, ಹಲವು ದಿನ ಬೆಳಿಗ್ಗೆ ಸಂಜೆ ಅದನ್ನು ತೂಗಿ ನೋಡಿದನು. ಸುಮಾರು ಮೂರೂವರೆ ಅಡಿ ಎತ್ತರದ ಆ ಗಿಡ ಹಗಲೊಂದರಲ್ಲಿ ಸರಾಸರಿ ಅರ್ಧ ಕಿಲೋಗ್ರಾಂಗೂ ಹೆಚ್ಚು ನೀರನ್ನು ಎಲೆಗಳ ಮೂಲಕ ಹೊರಹಾಕುತ್ತಿತ್ತು. 1727ರಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿ ಈ ಲೆಕ್ಕ ದಾಖಲಾಗಿದೆ. ಇಂಗ್ಲೆಂಡಿನ ಮೃದು ಬಿಸಿಲಿನಲ್ಲಿಯೇ ಇಷ್ಟಾದರೆ, ಬಿಸಿಗಾಳಿ ಬೀಸುವ ನಮ್ಮ ಬಯಲಿನಲ್ಲಿ ಎಷ್ಟಾದೀತೆಂಬುದನ್ನು ಊಹಿಸಬಹುದು.

ಈ ಕ್ರಿಯೆಗೆ ಬಾಷ್ಪವಿಸರ್ಜನೆ ಎಂದು ಹೆಸರು. ಎಲೆಯ ಮೇಲಿನ ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಗಿಲುಗಳಿಂದ ಆವಿ ಹೊರಹೋದಂತೆಲ್ಲ, ಕಾಂಡದೊಳಗಿನ ನಾಳಗಳಲ್ಲಿರುವ ನೀರು ದಾರದ ಎಳೆಯಂತೆ ಮೇಲಕ್ಕೆ ಸೆಳೆಯಲ್ಪಡುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದಲೇ ಇದು ಸಾಧ್ಯವೆಂಬ ಸಿದ್ಧಾಂತವನ್ನು 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು ಮಂಡಿಸಿದರು. ಎಲೆಯು ತಂಪಾಗಿರುವುದೂ ಈ ಆವಿಯ ದೆಸೆಯಿಂದಲೇ.

ಬೇರು ಪೂರೈಸುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಹೋಗತೊಡಗಿದಾಗ ಮರ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಇದರಿಂದ ನೀರು ಉಳಿಯುತ್ತದೆ, ಆದರೆ ಎಲೆಯ ತಂಪು ಹೋಗುತ್ತದೆ. ಆಹಾರ ತಯಾರಿಕೆಯೂ ನಿಲ್ಲುತ್ತದೆ. ಬಿಸಿಲು ಇನ್ನೂ ಮುಂದುವರಿದರೆ ಎಲೆಯಂಚು ಸುಡುತ್ತದೆ. ನಾಳದೊಳಗಿನ ನೀರಿನ ಎಳೆ ಅತಿಯಾದ ಸೆಳೆತಕ್ಕೆ ಕಡಿದು, ಅಲ್ಲಿ ಗಾಳಿಯ ಗುಳ್ಳೆ ಸೇರಿಕೊಳ್ಳುತ್ತದೆ. ಹೀಗೆ ಎಳೆ ಕಡಿದ ನಾಳದಲ್ಲಿ ಮುಂದೆ ನೀರು ಸಾಗುವುದು ಕಷ್ಟ. ಬೇರಿನಿಂದ ಅತಿ ದೂರದಲ್ಲಿರುವ ಕೊಂಬೆಯ ತುದಿಗಳು ಮೊದಲು ಒಣಗುವುದಕ್ಕೆ ಇದೇ ಮುಖ್ಯ ಕಾರಣ. ಬೇಸಗೆಯ ಕೇಡು ಮರದಲ್ಲಿ ಸಾಮಾನ್ಯವಾಗಿ ತುದಿಯಿಂದ ಬುಡದ ಕಡೆಗೆ ಇಳಿಯುತ್ತದೆ. ಆದ್ದರಿಂದ ತುದಿ ಒಣಗಿದ್ದನ್ನು ಕಂಡು ಬುಡವೂ ಸತ್ತಿತೆಂದು ತೀರ್ಮಾನಿಸುವುದು ಆತುರದ ಮಾತಾಗುತ್ತದೆ.

ಸತ್ತಿದೆಯೋ ಬದುಕಿದೆಯೋ ಎಂಬ ಪರೀಕ್ಷೆ

ಉಪಚಾರಕ್ಕೆ ಮುನ್ನ ರೋಗಿಯ ಸ್ಥಿತಿಯನ್ನು ತಿಳಿಯುವುದು ವೈದ್ಯಧರ್ಮ. ಮರದ ವಿಷಯದಲ್ಲಿ ನಾಲ್ಕು ಲಕ್ಷಣಗಳನ್ನು ನೋಡಬೇಕು.

ಮೊದಲನೆಯದು, ಬೆಳಗಿನ ಸ್ಥಿತಿ. ಮಧ್ಯಾಹ್ನ ಜೋತುಬಿದ್ದ ಎಲೆಗಳು ಮರುದಿನ ಸೂರ್ಯೋದಯದ ಹೊತ್ತಿಗೆ ಸೆಟೆದು ನಿಂತಿದ್ದರೆ ಅದು ಹಗಲಿನ ತಾತ್ಕಾಲಿಕ ಬಳಲಿಕೆ; ಭಯಪಡಬೇಕಾದುದಿಲ್ಲ. ಬೆಳಿಗ್ಗೆಯೂ ಜೋತೇ ಇದ್ದರೆ ಮಣ್ಣು ಒಣಗಿದೆ, ಇಲ್ಲವೇ ಬೇರು ಕೆಟ್ಟಿದೆ. ಮಣ್ಣಿನಲ್ಲಿ ಬೆರಳನ್ನು ಎರಡು ಅಂಗುಲ ಇಳಿಸಿ ನೋಡಿದರೆ ಈ ಎರಡರಲ್ಲಿ ಯಾವುದೆಂಬುದು ತಿಳಿಯುತ್ತದೆ. ಮಣ್ಣು ಹಸಿಯಾಗಿದ್ದೂ ಎಲೆ ಬಾಡಿದ್ದರೆ, ಅಂತಹ ಮರಕ್ಕೆ ಇನ್ನಷ್ಟು ನೀರು ಹಾಕುವುದು ಕೇಡನ್ನು ಹೆಚ್ಚಿಸಿದಂತೆಯೇ ಸರಿ.

ಎರಡನೆಯದು, ಎಲೆ ಉದುರಿದೆಯೋ ಅಂಟಿಕೊಂಡಿದೆಯೋ ಎಂಬುದು. ಇಲ್ಲಿ ಜನಸಾಮಾನ್ಯರ ಗ್ರಹಿಕೆ ವಿಪರೀತವಾಗಿರುತ್ತದೆ. ಎಲೆಯೆಲ್ಲ ಉದುರಿದ ಮರವನ್ನು ಕಂಡಾಗ ಆಸೆ ಬಿಡುತ್ತಾರೆ. ಕಂದು ಎಲೆಗಳು ಅಂಟಿಕೊಂಡಿದ್ದರೆ ಇನ್ನೂ ಸ್ವಲ್ಪ ಜೀವವಿದೆಯೆಂದು ತಿಳಿಯುತ್ತಾರೆ. ವಸ್ತುಸ್ಥಿತಿ ಬೇರೆ. ಎಲೆಯ ತೊಟ್ಟಿನ ಬುಡದಲ್ಲಿ ಬೇರ್ಪಡುವ ಪದರವೊಂದನ್ನು ನಿರ್ಮಿಸಿ ಎಲೆಯನ್ನು ಕಳಚುವುದು ಜೀವಂತ ಕೊಂಬೆ ಮಾತ್ರ ಮಾಡಬಲ್ಲ ಕೆಲಸ. ನೀರಿನ ಖರ್ಚನ್ನು ತಗ್ಗಿಸಲು ಮರ ತಾನೇ ಕೈಗೊಂಡ ಉಪಾಯವದು. ಕಂದಾದ ಎಲೆಗಳು ಕಳಚಿಕೊಳ್ಳದೆ ಗರಿಗರಿಯಾಗಿ ನೇತಾಡುತ್ತಿದ್ದರೆ, ಎಲೆ ಕಳಚಲೂ ಅವಕಾಶವಿಲ್ಲದಷ್ಟು ಬೇಗ ಆ ಕೊಂಬೆ ಸತ್ತಿರುವ ಸಂಭವವೇ ಹೆಚ್ಚು. ಆದ್ದರಿಂದ ಬರಿದಾದ ಮರದ ಬಗ್ಗೆ ಆಸೆಯಿಟ್ಟುಕೊಳ್ಳಲು ಸಕಾರಣವುಂಟು.

ಮೂರನೆಯದು, ತೊಗಟೆಯ ಪರೀಕ್ಷೆ. ಕೊಂಬೆಯ ತುದಿಯಲ್ಲಿ ತೊಗಟೆಯನ್ನು ಉಗುರಿನಿಂದ ಕಾಳಿನಷ್ಟು ಅಗಲ ಮಾತ್ರ ಕೆರೆದು ನೋಡಬೇಕು. ಒಳಗೆ ಹಸುರಾಗಿ ತೇವವಾಗಿದ್ದರೆ ಅಲ್ಲಿಗೆ ಜೀವವಿದೆ. ಕಂದಾಗಿ ಒಣಗಿದ್ದರೆ ಒಂದು ಗೇಣು ಕೆಳಗೆ ಮತ್ತೆ ನೋಡಬೇಕು. ಹೀಗೆ ಇಳಿಯುತ್ತ ಹೋದಂತೆ ಹಸುರು ಎಲ್ಲಿ ಸಿಗುತ್ತದೆಯೋ ಅಲ್ಲಿಂದ ಮರ ಮತ್ತೆ ಚಿಗುರಬಲ್ಲದು. ತೊಗಟೆಯಡಿಯ ತೆಳುವಾದ ವರ್ಧನಪದರವೇ ಮರದ ಜೀವಾಳ. ಅದು ಬುಡದಲ್ಲಿ ಉಳಿದಿದ್ದರೂ ಸಾಕು. ಕೆರೆಯುವಾಗ ಕೊಂಬೆಯ ಸುತ್ತ ಉಂಗುರದಂತೆ ಎಂದಿಗೂ ಸುಲಿಯಬಾರದು.

ನಾಲ್ಕನೆಯದು, ಮರದ ಸಹಜ ಸ್ವಭಾವ. ಬಿಲ್ವ ಮತ್ತು ನೆಲ್ಲಿ ಎಲೆ ಉದುರಿಸುವ ಜಾತಿಯವು; ಬೇಸಗೆಯ ಹಾದಿಯಲ್ಲಿ ಎಲೆ ಕಳೆದು ಮತ್ತೆ ಹೊಸ ಎಲೆ ತಳೆಯುವುದು ಅವುಗಳ ಕ್ರಮ. ಮಠ ಮಂದಿರಗಳ ಅಂಗಳದ ಬಿಲ್ವ ಮಾರ್ಚ್, ಏಪ್ರಿಲ್‍ನಲ್ಲಿ ಬರಿದಾದುದನ್ನು ಕಂಡು ಕಳವಳಪಟ್ಟು ನೀರು ಸುರಿಯುವುದು ಅನವಶ್ಯಕ. ಅದು ರೋಗವಲ್ಲ, ಋತುಧರ್ಮ.

ಮೊದಲ ಉಪಚಾರ ನೆರಳು

ತಾಪದಿಂದ ನೊಂದ ಮರಕ್ಕೆ ಮೊದಲು ಕೊಡಬೇಕಾದುದು ನೀರಲ್ಲ, ನೆರಳು. ಖರ್ಚನ್ನು ತಗ್ಗಿಸದೆ ಆದಾಯವನ್ನು ಹೆಚ್ಚಿಸಲು ಹೊರಡುವುದು ಕುಟುಂಬಕ್ಕೆ ಹೇಗೆ ತರವಲ್ಲವೋ ಮರಕ್ಕೂ ಹಾಗೆಯೇ. ಆದರೆ ನೆರಳೆಂದರೆ ಕತ್ತಲೆ ಕೋಣೆಯಲ್ಲ; ಉಳಿದ ಎಲೆಗಳಿಗೆ ಬೆಳಕು ಬೇಕೇ ಬೇಕು. ಬೆಳಗಿನ ಎಳೆಬಿಸಿಲು ಬಿದ್ದು, ಹತ್ತು ಗಂಟೆಯ ಮೇಲೆ ನೆರಳಾಗುವ ಪೂರ್ವದಿಕ್ಕಿನ ಗೋಡೆಯ ಬದಿ ಅತ್ಯುತ್ತಮ. ದೊಡ್ಡ ಮರದ ಅಡಿಯ ಚದುರಿದ ನೆರಳೂ ಆದೀತು.

ಇಲ್ಲಿ ಸೂರ್ಯನ ಚಲನೆಯನ್ನು ಗಮನಿಸುವುದು ಉಚಿತ. ಚಳಿಗಾಲದಲ್ಲಿ ಕಟ್ಟಡದ ಉತ್ತರ ಭಾಗ ದಿನವಿಡೀ ನೆರಳಾಗಿರುತ್ತದೆ. ಆದರೆ ಮೇ ತಿಂಗಳ ಮೊದಲ ಹದಿನೈದು ದಿನಗಳಲ್ಲಿ ಬಳ್ಳಾರಿಯಿಂದ ಕಲಬುರಗಿಯವರೆಗಿನ ಪ್ರದೇಶದಲ್ಲಿ ಸೂರ್ಯ ನಡುಹಗಲಿನಲ್ಲಿ ನೇರ ನೆತ್ತಿಯ ಮೇಲೆ ಹಾದು, ಅನಂತರ ಉತ್ತರಕ್ಕೆ ವಾಲುತ್ತಾನೆ. ಡಿಸೆಂಬರಿನಲ್ಲಿ ತಂಪಾಗಿದ್ದ ಜಾಗವೇ ಮೇ ತಿಂಗಳಲ್ಲಿ ಕಾಯುತ್ತದೆ. ‘ಕುಂಡ ಎಂದಿನ ಜಾಗದಲ್ಲಿಯೇ ಇತ್ತು, ಆದರೂ ಸುಟ್ಟಿತು’ ಎಂಬ ಅಚ್ಚರಿಗೆ ಉತ್ತರ ಇಲ್ಲಿದೆ.

ಎತ್ತಲಾಗದಷ್ಟು ದೊಡ್ಡ ಕುಂಡವಾದರೆ ಪಶ್ಚಿಮದ ಕಡೆಗೆ ತಟ್ಟಿಯನ್ನೋ ಗೋಣಿಯ ಪರದೆಯನ್ನೋ ಕಟ್ಟಬೇಕು; ಮೇಲೆ ಅರ್ಧ ಬಿಸಿಲನ್ನು ತಡೆಯುವ ಹಸುರು ಬಲೆಯಾದರೆ ಸಾಕು. ಕಾಯ್ದ ಸಿಮೆಂಟು ನೆಲದ ಮೇಲೆ ಕುಂಡವನ್ನು ನೇರವಾಗಿ ಇಡದೆ ಎರಡು ಇಟ್ಟಿಗೆಗಳ ಮೇಲಿಡಬೇಕು. ಒಂಟಿಯಾಗಿ ಬಿಸಿಲಿಗೆ ನಿಂತ ಕುಂಡಗಳನ್ನು ಒತ್ತೊತ್ತಾಗಿ ಸೇರಿಸಿದರೆ ಒಂದರ ಗೋಡೆಗೆ ಇನ್ನೊಂದು ನೆರಳಾಗುತ್ತದೆ. ಪ್ಲಾಸ್ಟಿಕ್ ಕುಂಡಕ್ಕೆ ಸುತ್ತಲೂ ಗೋಣಿಚೀಲ ಸುತ್ತಿ ಅದನ್ನು ಒದ್ದೆಯಾಗಿಡುವುದು, ಇಲ್ಲವೇ ಅದನ್ನು ದೊಡ್ಡದೊಂದು ಮಣ್ಣಿನ ಕುಂಡದೊಳಗಿಟ್ಟು ನಡುವಣ ಜಾಗಕ್ಕೆ ಮರಳು ತುಂಬುವುದು ಇನ್ನೂ ಒಳ್ಳೆಯದು. ಮಣ್ಣಿನ ಮೇಲೆ ಎರಡು ಅಂಗುಲ ದಪ್ಪ ಒಣ ಎಲೆಯ ಹೊದಿಕೆ ಹಾಕಿದರೆ ತೇವ ನಿಲ್ಲುತ್ತದೆ. ಈ ಹೊದಿಕೆ ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಎಲೆ ಉದುರಿ ಬಯಲಾದ ಕಾಂಡಕ್ಕೆ ತೆಳುವಾಗಿ ಸುಣ್ಣದ ನೀರನ್ನು ಬಳಿದರೆ ಬಿಸಿಲು ಪ್ರತಿಫಲಿಸಿ ತೊಗಟೆ ಸೀಳುವುದು ತಪ್ಪುತ್ತದೆ.

ನೀರು ಕೊಡುವ ಪರಿ

ಪೂರ್ತಿ ಒಣಗಿದ ಮಣ್ಣು ನೀರನ್ನು ಸುಲಭವಾಗಿ ಸ್ವೀಕರಿಸುವುದಿಲ್ಲ. ನಮ್ಮ ಎರೆಮಣ್ಣು ಒಣಗಿದಾಗ ಕುಗ್ಗಿ ಕುಂಡದ ಗೋಡೆಯನ್ನು ಬಿಟ್ಟು ನಿಲ್ಲುತ್ತದೆ. ಸುರಿದ ನೀರೆಲ್ಲ ಆ ಸಂದಿನಿಂದಿಳಿದು ತಳದ ತೂತಿನಿಂದ ಹರಿದುಹೋಗುತ್ತದೆ. ತೆಂಗಿನ ನಾರಿನ ಪುಡಿ ತುಂಬಿದ ಕುಂಡಗಳಲ್ಲಿಯೂ, ಪುಡಿ ಪೂರ್ತಿ ಒಣಗಿದ ಮೇಲೆ, ಇದೇ ತೊಂದರೆ. ನೀರು ಹೊರಬಂದುದನ್ನು ಕಂಡು ಮರಕ್ಕೆ ಸಾಕಷ್ಟು ಆಯಿತೆಂದು ತಿಳಿಯುತ್ತಾರೆ. ನಡುವಿನ ಮಣ್ಣಿನ ಮುದ್ದೆ ಮಾತ್ರ ಒಣಗಿಯೇ ಇರುತ್ತದೆ. ಎಷ್ಟೋ ಮರಗಳು ಪ್ರತಿದಿನ ನೀರು ಪಡೆಯುತ್ತಲೇ ಬಾಯಾರಿ ಸಾಯುವುದು ಹೀಗೆ.

ಇದಕ್ಕೆ ಪರಿಹಾರ ಸರಳ. ಎತ್ತಬಹುದಾದ ಕುಂಡವನ್ನು ಬಕೆಟ್ಟಿನಲ್ಲಿಯೋ ತೊಟ್ಟಿಯಲ್ಲಿಯೋ ಅಂಚಿನವರೆಗೆ ನೀರಿನಲ್ಲಿಟ್ಟು, ಗುಳ್ಳೆ ಏಳುವುದು ನಿಂತ ಮೇಲೆ, ಅಂದರೆ ಸುಮಾರು ಅರ್ಧ ಗಂಟೆಯ ಅನಂತರ, ಹೊರತೆಗೆದು ನೀರು ಬಸಿಯಲು ಬಿಡಬೇಕು. ದೊಡ್ಡ ಕುಂಡವಾದರೆ ಕಡ್ಡಿಯಿಂದ ಅಲ್ಲಲ್ಲಿ ಮೆಲ್ಲನೆ ಚುಚ್ಚಿ, ಹತ್ತು ಹದಿನೈದು ನಿಮಿಷಗಳ ಅಂತರದಲ್ಲಿ ಮೂರು ಸಲ ಸ್ವಲ್ಪ ಸ್ವಲ್ಪವಾಗಿ ನೀರುಣಿಸಬೇಕು. ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು ಕುದಿದಂತಿರುತ್ತದೆ. ಅದನ್ನು ಮೊದಲು ಹೊರಚೆಲ್ಲಬೇಕು.

ನೀರಿಗೆ ಬೆಳಗಿನ ಹೊತ್ತು ಶ್ರೇಷ್ಠ. ಆದರೆ ನಡುಹಗಲಿನಲ್ಲಿ ನೀರು ಹಾಕಿದರೆ ಎಲೆಯ ಮೇಲಿನ ಹನಿಗಳು ಭೂತಗನ್ನಡಿಯಂತಾಗಿ ಎಲೆ ಸುಡುತ್ತದೆಂಬ ನಂಬಿಕೆಗೆ, ನುಣುಪಾದ ಎಲೆಗಳ ಮಟ್ಟಿಗೆ, ಆಧಾರವಿಲ್ಲ. ಮಣ್ಣು ಒಣಗಿ ಜೋತುಬಿದ್ದ ಮರವನ್ನು ಮಧ್ಯಾಹ್ನ ಕಂಡರೆ ಸಂಜೆಯವರೆಗೆ ಕಾಯಿಸದೆ ಮೊದಲು ನೆರಳಿಗೆ ಸರಿಸಿ, ಕೂಡಲೇ ನೀರು ಕೊಡಬೇಕು.

ಮೊದಲ ಸಲ ಚೆನ್ನಾಗಿ ನೆನೆಸಿದ ಮೇಲೆ ಅನುಸರಿಸಬೇಕಾದುದು ಮಿತ. ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದ ಹಾಗೂ ಹೆಚ್ಚಾಗಿ ಮರೆತುಹೋಗುವ ಅಂಶವಿದು. ಮರ ಬಳಸುವ ನೀರು ಅದರ ಎಲೆಗಳ ಪ್ರಮಾಣವನ್ನು ಅವಲಂಬಿಸಿದೆ. ಹತ್ತರಲ್ಲಿ ಒಂಬತ್ತು ಪಾಲು ಎಲೆ ಕಳೆದುಕೊಂಡ ಮರ ಮೊದಲಿನಷ್ಟು ನೀರನ್ನು ಕುಡಿಯಲಾರದು. ಹಳೆಯ ಲೆಕ್ಕದಲ್ಲಿಯೇ ನೀರು ಸುರಿದರೆ ಮಣ್ಣಿನ ರಂಧ್ರಗಳಲ್ಲಿ ಗಾಳಿಯ ಬದಲು ನೀರೇ ನಿಲ್ಲುತ್ತದೆ. ಬೇರಿಗೂ ಉಸಿರು ಬೇಕು. ಬೆಚ್ಚಗಿನ ಕೆಸರಿನಲ್ಲಿ ಉಸಿರುಗಟ್ಟಿದ ಬೇರನ್ನು ಕೊಳೆರೋಗದ ಶಿಲೀಂಧ್ರಗಳು ಬೇಗನೆ ಮುತ್ತುತ್ತವೆ. ಆದ್ದರಿಂದ ಗಡಿಯಾರ ನೋಡಿ ನೀರು ಹಾಕದೆ, ಮಣ್ಣನ್ನು ಮುಟ್ಟಿ ಹಾಕಬೇಕು. ಎರಡು ಅಂಗುಲದ ಆಳದಲ್ಲಿ ತೇವ ಕಡಿಮೆಯಾದಾಗ ಮಾತ್ರ ಮತ್ತೆ ನೀರು. ಕುಂಡವನ್ನು ಓರೆ ಮಾಡಿ ಅದರ ಭಾರವನ್ನು ಅಂದಾಜು ಮಾಡುವ ರೂಢಿ ಕೈಗೆ ಹತ್ತಿದರೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇರೊಂದಿಲ್ಲ. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಗೊಡಬಾರದು.

ಮಾಡದೆ ಬಿಡಬೇಕಾದ ಕೆಲಸಗಳು

ಸೊರಗಿದ ಮರಕ್ಕೆ ಗೊಬ್ಬರ ಹಾಕುವುದು, ಜ್ವರದಿಂದ ಎದ್ದವನಿಗೆ ಹೋಳಿಗೆಯೂಟ ಬಡಿಸಿದಂತೆ. ಯೂರಿಯದಂತಹ ರಾಸಾಯನಿಕ ಗೊಬ್ಬರಗಳು ಕರಗಿ ಮಣ್ಣಿನ ನೀರನ್ನು ಲವಣಯುಕ್ತವಾಗಿ ಮಾಡುತ್ತವೆ. ಆಗ ಬೇರಿಗೆ ನೀರನ್ನು ಹೀರುವುದು ಇನ್ನಷ್ಟು ಕಷ್ಟವಾಗುತ್ತದೆ. ಉಪ್ಪಿನಕಾಯಿಯ ಭರಣಿಯಲ್ಲಿ ನಿಂಬೆಯ ಹೋಳು ನೀರು ಬಿಟ್ಟು ಮುದುಡುವುದನ್ನು ಬಲ್ಲವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೊಳವೆಬಾವಿಯ ಗಡಸು ನೀರನ್ನು ಬಳಸುವಲ್ಲಿ ಲವಣ ಮೊದಲೇ ಶೇಖರವಾಗಿ ಮಣ್ಣಿನ ಮೇಲೆಯೂ ಕುಂಡದ ಗೋಡೆಯ ಮೇಲೆಯೂ ಬಿಳಿಯ ಪೊರೆಯಾಗಿ ಕಾಣುತ್ತದೆ. ಅಂತಹ ಕುಂಡಕ್ಕೆ ಗೊಬ್ಬರವಂತೂ ಸರ್ವಥಾ ಸಲ್ಲದು.

ಕತ್ತರಿಯನ್ನೂ ದೂರವಿಡಬೇಕು. ಅರ್ಧ ಸುಟ್ಟ ಎಲೆಯ ಉಳಿದ ಹಸುರು ಭಾಗ ಇನ್ನೂ ಆಹಾರ ತಯಾರಿಸುತ್ತಿರುತ್ತದೆ. ಒಣ ಎಲೆಯೂ ತೊಗಟೆಗೆ ನೆರಳಾಗಿರುತ್ತದೆ. ಬರಿದೆಂದು ಕಾಣುವ ಕೊಂಬೆಯಲ್ಲಿ ಸುಪ್ತ ಮೊಗ್ಗುಗಳಿರಬಹುದು. ಹೊಸ ಚಿಗುರು ಎಲ್ಲಿಂದ ಬರುತ್ತದೆಂಬುದನ್ನು ಮರವೇ ತೋರಿಸಿದ ಮೇಲೆ, ಸತ್ತ ಭಾಗವನ್ನು ಹಸುರಿರುವಲ್ಲಿಯವರೆಗೆ ಹರಿತವಾದ ಕತ್ತರಿಯಿಂದ ಕತ್ತರಿಸಿದರಾಯಿತು. ಹೂ, ಕಾಯಿಗಳನ್ನು ಮಾತ್ರ ಕೂಡಲೇ ಕಿತ್ತುಬಿಡಬೇಕು. ಬಳಲಿದ ಮರ ತನ್ನ ಉಳಿದ ಬಲವನ್ನು ಅವುಗಳಿಗೆ ವ್ಯಯಿಸುವುದು ಹಿತವಲ್ಲ.

ಬಿಸಿಲುಗಾಲದಲ್ಲಿ ಕುಂಡ ಬದಲಿಸುವುದೂ ಕೂಡದು. ಎಳೆಯ ಬೇರುಗಳು ಹರಿದರೆ ಮರ ಮತ್ತೊಂದು ಆಘಾತವನ್ನು ತಾಳಲಾರದು. ಮಣ್ಣು ನಾರುತ್ತಿದ್ದು, ಬೇರು ಕಪ್ಪಾಗಿ ಮೆತ್ತಗಾಗಿದ್ದರೆ ಮಾತ್ರ ಈ ನಿಯಮಕ್ಕೆ ಅಪವಾದ. ಆಗ ಕೊಳೆತ ಬೇರನ್ನು ಕತ್ತರಿಸಿ, ನೀರು ಬಸಿಯುವ ಹೊಸ ಮಣ್ಣಿನಲ್ಲಿ ನೆಟ್ಟು ನೆರಳಿನಲ್ಲಿಡುವುದು ಅನಿವಾರ್ಯ. ಒಣಹವೆಯಲ್ಲಿ ಎಲೆಯಡಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಹೆಚ್ಚುತ್ತವೆ. ಎಲೆಯ ಮೇಲೆ ಬಿಳಿಚುಕ್ಕೆ, ಸಣ್ಣ ಬಲೆ ಕಂಡರೆ ಬೆಳಗಿನ ಹೊತ್ತು ಎಲೆಯ ತಳಭಾಗವನ್ನು ನೀರಿನಿಂದ ತೊಳೆಯುವುದು ಸಾಕಾಗುತ್ತದೆ.

ಮಳೆಗಾಲದ ಚೇತರಿಕೆ

ರೋಹಿಣಿ, ಮೃಗಶಿರಾ ಮಳೆಗಳು ಬಂದು ಹವೆ ತಂಪಾದಾಗ ಚೇತರಿಕೆಯ ನಿಜವಾದ ಕಾಲ ಆರಂಭವಾಗುತ್ತದೆ. ಮಳೆನೀರಿನಲ್ಲಿ ಲವಣ ಅತ್ಯಲ್ಪ. ಕುಂಡವನ್ನು ಒಳ್ಳೆಯ ಮಳೆಗೆ ಒಡ್ಡಿದರೆ ಶೇಖರವಾದ ಲವಣ ತೊಳೆದುಹೋಗುತ್ತದೆ. ಮಳೆ ಸಾಲದಿದ್ದರೆ ಕುಂಡದ ಎರಡರಷ್ಟು ಅಳತೆಯ ಸಿಹಿನೀರನ್ನು ನಿಧಾನವಾಗಿ ಹಾಯಿಸಬೇಕು. ಜೀವವಿರುವ ಮರ ಹವೆ ಅನುಕೂಲವಾದ ಎರಡರಿಂದ ಆರು ವಾರಗಳಲ್ಲಿ ಸಾಮಾನ್ಯವಾಗಿ ಚಿಗುರುತ್ತದೆ. ಒಮ್ಮೊಮ್ಮೆ ಇನ್ನೂ ತಡವಾಗುವುದುಂಟು. ತೊಗಟೆಯಡಿ ಹಸುರಿರುವವರೆಗೆ ಕಾಯುವುದೇ ಲೇಸು.

ಚಿಗುರಿದ ಮಾತ್ರಕ್ಕೆ ಮರವನ್ನು ಮತ್ತೆ ಬಿಸಿಲಿಗೆ ನೂಕಬಾರದು. ನೆರಳಿನಲ್ಲಿ ಹುಟ್ಟಿದ ಎಲೆ ತೆಳುವಾಗಿರುತ್ತದೆ. ನೇರ ಬಿಸಿಲು ಅದನ್ನು ಒಂದೇ ದಿನದಲ್ಲಿ ಸುಡಬಲ್ಲದು. ಮೊದಲ ವಾರ ಬೆಳಗಿನ ಒಂದೆರಡು ಗಂಟೆ, ಮರುವಾರ ಇನ್ನಷ್ಟು ಹೊತ್ತು, ಹೀಗೆ ಮೂರು ನಾಲ್ಕು ವಾರಗಳಲ್ಲಿ ಬಿಸಿಲಿಗೆ ಒಗ್ಗಿಸಬೇಕು. ಮೊದಲ ಚಿಗುರು ಬಲಿತು ಎರಡನೆಯದು ಕಾಣಿಸಿಕೊಂಡಾಗ ಒಂದೆರಡು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರವನ್ನೋ ಎರೆಹುಳು ಗೊಬ್ಬರವನ್ನೋ ಮೇಲ್ಮಣ್ಣಿಗೆ ಸೇರಿಸಬಹುದು.

ಕುಂಡ ಬದಲಿಸುವುದಿದ್ದರೆ ಜೂನ್, ಜುಲೈ ತಿಂಗಳುಗಳು ಪ್ರಶಸ್ತ. ಮಣ್ಣಿನ ಮುದ್ದೆಯನ್ನು ಇಡಿಯಾಗಿ ಹೊರತೆಗೆದು ನೋಡಿದರೆ ಬೇರುಗಳು ಚಾಪೆಯಂತೆ ಸುತ್ತಿಕೊಂಡಿರುವುದು ಕಂಡುಬರಬಹುದು. ಹೊರಸುತ್ತಿನ ಬೇರುಗಳನ್ನು ಸ್ವಲ್ಪ ಸವರಿ, ಒಂದೆರಡು ಅಂಗುಲ ಹೆಚ್ಚು ಅಗಲದ ಕುಂಡದಲ್ಲಿ ನೆಡಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಹಳೆಯ ಗೊಬ್ಬರ ಸೇರಿದ ಮಿಶ್ರಣ ಬಹುತೇಕ ಮರಗಳಿಗೆ ಒಪ್ಪುತ್ತದೆ. ಬರಿಯ ಎರೆಮಣ್ಣು ಕುಂಡಕ್ಕೆ ತಕ್ಕದ್ದಲ್ಲ. ತಳದ ತೂತಿನ ಮೇಲೆ ಮಣ್ಣು ಸೋರದಂತೆ ಹಂಚಿನ ಚೂರೊಂದನ್ನಿಟ್ಟರೆ ಸಾಕು. ತಳದಲ್ಲಿ ಜಲ್ಲಿಯ ದಪ್ಪ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ಎಣಿಕೆ ಸರಿಯಲ್ಲ. ನೀರು ಜಲ್ಲಿಗೆ ಇಳಿಯುವ ಮುನ್ನ ಅದರ ಮೇಲಿನ ಮಣ್ಣಿನಲ್ಲಿಯೇ ತಂಗುತ್ತದೆ; ಬೇರಿನ ಜಾಗ ಅಷ್ಟೂ ಕಡಿಮೆಯಾಗುತ್ತದೆ.

ಜಾತಿಗೊಂದು ಸ್ವಭಾವ

ಎಲ್ಲ ಮರಗಳ ಚೇತರಿಕೆ ಒಂದೇ ತೆರನಲ್ಲ. ಕರಿಬೇವು ಗಟ್ಟಿಜೀವ, ಮೇಲ್ಭಾಗವೆಲ್ಲ ಒಣಗಿದರೂ ಬುಡದಿಂದಲೋ ಬೇರಿನಿಂದಲೋ ಮತ್ತೆ ಮರಿ ಹೊರಡಿಸಬಲ್ಲದು. ಆಲ, ಅರಳಿಯ ಜಾತಿಯವು ಎಲೆಯನ್ನು ಬೇಗ ಕಳಚುತ್ತವೆ, ಅಷ್ಟೇ ಬೇಗ ಚಿಗುರುತ್ತವೆ. ನಿಂಬೆ ಮೊದಲು ಎಲೆಗಳನ್ನು ದೋಣಿಯಂತೆ ಮುದುರಿಕೊಂಡು ಎಚ್ಚರಿಕೆ ಕೊಡುತ್ತದೆ. ಆಗಲೇ ಗಮನಿಸಿದರೆ ಕೇಡು ತಪ್ಪುತ್ತದೆ. ಇಂಡಿ ತಾಲ್ಲೂಕಿನ ನಿಂಬೆ ಬಿಸಿಲ ನಾಡಿನಲ್ಲಿಯೇ ಹೆಸರಾಗಿದೆಯಾದರೂ, ಅದು ನೆಲದಲ್ಲಿ ಬೇರೂರಿದ ಮರದ ಮಾತು; ಕುಂಡದ ನಿಂಬೆಗೆ ಆ ಭರವಸೆ ಸಲ್ಲದು. ಕಸಿ ಮಾಡಿದ ಗಿಡವಾದರೆ ಚಿಗುರು ಕಸಿಯ ಗಂಟಿನ ಮೇಲಿನಿಂದ ಬಂದಿದೆಯೇ ಎಂದು ನೋಡಬೇಕು. ಕೆಳಗಿನಿಂದ ಬಂದ ಚಿಗುರು ಬುಡದ ಕಾಡುಜಾತಿಯದು. ಮೇಲಿನ ಭಾಗ ಬದುಕಿದ್ದರೆ ಅದನ್ನು ಚಿವುಟಿಹಾಕಬೇಕು.

ಕುಂಡಗಳಲ್ಲಿ ಅಲಂಕಾರಕ್ಕಾಗಿ ಬೆಳೆಸುವ ತಾಳೆಗಳ ರೀತಿಯೇ ಬೇರೆ. ಅವುಗಳ ಪ್ರತಿಯೊಂದು ಕಾಂಡಕ್ಕೂ ಬೆಳೆಯುವ ಕುಡಿ ಒಂದೇ. ತೊಗಟೆ ಕೆರೆದು ನೋಡುವ ಪರೀಕ್ಷೆ ಅವಕ್ಕೆ ಅನ್ವಯಿಸುವುದಿಲ್ಲ. ನಡುವಿನ ಎಳೆಯ ಸುಳಿ ಹಸುರಾಗಿ ಗಟ್ಟಿಯಾಗಿದ್ದರೆ ಸುತ್ತಲ ಗರಿಗಳೆಲ್ಲ ಒಣಗಿದರೂ ಆಸೆಯಿದೆ. ಸುಳಿಯೇ ಕೊಳೆತು ಕೈಗೆ ಬಂದರೆ ಆ ಕಾಂಡ ಉಳಿಯುವುದಿಲ್ಲ.

ರಜೆಯ ದಿನಗಳ ಹೊಣೆ

ಶಾಲೆಗಳ ಮಟ್ಟಿಗೆ ಈ ಸಂಗತಿಗೆ ಇನ್ನೊಂದು ಮುಖವಿದೆ. ಕುಂಡದ ಮರಗಳಿಗೆ ಅತಿ ಕಠಿನವಾದ ದಿನಗಳು ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗಿನವು. ಸಾಮಾನ್ಯವಾಗಿ ಶಾಲೆಗೆ ರಜೆಯಿರುವುದೂ ಆಗಲೇ. ವರ್ಷವೆಲ್ಲ ಮಕ್ಕಳ ಕೈಯಿಂದ ನೀರುಂಡ ಮರಗಳು, ನೀರು ಅತ್ಯಗತ್ಯವಾದಾಗಲೇ ಅನಾಥವಾಗುತ್ತವೆ. ಆದ್ದರಿಂದ ರಜೆಗೆ ಮುನ್ನ ಕುಂಡಗಳನ್ನೆಲ್ಲ ಪೂರ್ವದಿಕ್ಕಿನ ನೆರಳಿಗೆ ಸೇರಿಸಿ, ಹೊದಿಕೆ ಹಾಕಿ, ನೀರಿನ ಸರದಿಯನ್ನು ಹೆಸರು ದಿನಾಂಕಗಳೊಡನೆ ಬರೆದಿಡುವುದು ಅಗತ್ಯ. ದೊಡ್ಡ ಕುಂಡಗಳ ಮಣ್ಣಿನಲ್ಲಿ ಮೆರುಗೆಣ್ಣೆಯಿಲ್ಲದ ಸಣ್ಣ ಮಣ್ಣಿನ ಕುಡಿಕೆಯೊಂದನ್ನು ಕತ್ತಿನವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿದರೆ ಅದು ಜಿನುಗುತ್ತ ಬೇರಿಗೆ ತೇವ ಒದಗಿಸುತ್ತದೆ. ಇದರಿಂದ ದಿನಕ್ಕೊಮ್ಮೆ ಬರಬೇಕಾದವರು ಕೆಲವು ದಿನಗಳಿಗೊಮ್ಮೆ ಬಂದರೂ ನಡೆಯುತ್ತದೆ.

ಸಸಿಯನ್ನು ಕೊಡುಗೆಯಾಗಿ ನೀಡುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕುಂಡದೊಡನೆ ಅದರ ಬೇಸಗೆಯ ನೀರು ನೆರಳುಗಳ ಏರ್ಪಾಟನ್ನೂ ಚಿಂತಿಸಿದರೆ ಕೊಡುಗೆ ಪೂರ್ಣವಾಗುತ್ತದೆ. ಹತ್ತು ಕುಂಡ ಕೊಟ್ಟು ಎಂಟು ಒಣಗುವುದಕ್ಕಿಂತ, ಮೂರು ಕೊಟ್ಟು ಮೂರನ್ನೂ ಉಳಿಸುವುದು ಮೇಲು. ಸಾಧ್ಯವಿದ್ದಲ್ಲಿ ಮರವನ್ನು ಕುಂಡದಲ್ಲಿಯೇ ಉಳಿಸದೆ, ಮಳೆಗಾಲದ ಆರಂಭದಲ್ಲಿ ನೆಲಕ್ಕಿಳಿಸುವುದು ಎಲ್ಲಕ್ಕಿಂತ ಮೇಲಾದ ಪರಿಹಾರ.

ಸೊರಗಿದ ಮರವೊಂದು ಶಿಕ್ಷಕರಿಗೆ ಒದಗಿದ ಪಾಠೋಪಕರಣವೂ ಹೌದು. ಹೇಲ್ಸನು ಮಾಡಿದ ಪ್ರಯೋಗಕ್ಕೆ ಇಂದು ಬೇಕಾದುದು ಒಂದು ತಕ್ಕಡಿ ಮತ್ತು ಕುಂಡದ ಬಾಯಿ ಮುಚ್ಚಲು ಒಂದು ಪ್ಲಾಸ್ಟಿಕ್ ಹಾಳೆ ಮಾತ್ರ. ಎಲೆ ತುಂಬಿದ ಗಿಡವನ್ನೂ ಎಲೆ ಉದುರಿದ ಗಿಡವನ್ನೂ ಬೆಳಿಗ್ಗೆ ಸಂಜೆ ತೂಗಿ ಹೋಲಿಸಿದ ವಿದ್ಯಾರ್ಥಿಗೆ, ಯಾವುದಕ್ಕೆ ಎಷ್ಟು ನೀರು ಬೇಕೆಂಬುದನ್ನು ಬೇರೆಯವರು ಹೇಳಬೇಕಾಗುವುದಿಲ್ಲ. ತೊಗಟೆಯಡಿಯ ಹಸುರನ್ನು ಒಮ್ಮೆ ಕಣ್ಣಾರೆ ಕಂಡವನು ಒಣಗಿದಂತೆ ತೋರುವ ಮರವನ್ನು ಅವಸರದಿಂದ ಕಿತ್ತೆಸೆಯುವುದೂ ಇಲ್ಲ. ನೆರಳು ಕೊಟ್ಟು, ನೀರನ್ನು ಅಳೆದು ಕೊಟ್ಟು, ಉಳಿದುದನ್ನು ಮರಕ್ಕೇ ಬಿಟ್ಟು ಕಾಯಬಲ್ಲವರ ಕೈಯಲ್ಲಿ ಕುಂಡದ ಮರ ಬೇಸಗೆಗಳನ್ನು ದಾಟಿ ಬಾಳುತ್ತದೆ.